ಗಾಲ್ಫ್ ಸ್ವಿಂಗ್: ಕಾಲಿನ ತಡವನ್ನು ಕೈ ತುಂಬಿಕೊಡುತ್ತಿದೆಯೇ?

ಪ್ರಶ್ನೆ: ನನಗೆ 54 ವರ್ಷ. ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ಗಾಲ್ಫ್ ಕಲಿತೆ. ಮೂರು ವರ್ಷಗಳ ಹಿಂದೆ ಊರಾದ ಕಾರವಾರಕ್ಕೆ ಮರಳಿದ್ದೇನೆ. ಮನೆಯ ತಾರಸಿಯ ಮೇಲೆ ಬಲೆ ಕಟ್ಟಿ, ಸಿಮೆಂಟ್ ನೆಲಕ್ಕೆ ಹಸಿರು ಮ್ಯಾಟ್ ಹಾಸಿ ವಾರಕ್ಕೆ ನಾಲ್ಕು ದಿನ ಅಭ್ಯಾಸ ಮಾಡುತ್ತೇನೆ. ತಿಂಗಳಿಗೊಮ್ಮೆ ಗಡಿ ದಾಟಿ ಗೋವಾದ ಕಡೆ ಹೋಗಿ ಆಡುತ್ತೇನೆ. ತಾರಸಿಯಲ್ಲಿ ಹೊಡೆತ ಚೆನ್ನಾಗಿ ಬರುತ್ತದೆ. ಮೈದಾನದಲ್ಲಿ ಮಾತ್ರ ಐರನ್ (ಲೋಹದ ತೆಳು ತಲೆಯ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು) ಚೆಂಡಿಗಿಂತ ಮೊದಲು ನೆಲಕ್ಕೆ ಕಚ್ಚುತ್ತದೆ, ಇಲ್ಲವೇ ಚೆಂಡಿನ ನೆತ್ತಿಯನ್ನು ಸವರಿ ಹೋಗುತ್ತದೆ. ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನಿಂದ ಹೊಡೆದ ಚೆಂಡು ಬಲಕ್ಕೆ ಬಾಗುತ್ತದೆ; ಅದನ್ನು ತಪ್ಪಿಸಲು ಕೈ ತಿರುಗಿಸಿದರೆ ಎಡಗಡೆಯ ಪೊದೆಯೊಳಗೆ ಹೋಗಿ ಬೀಳುತ್ತದೆ. ಹಿರಿಯ ಆಟಗಾರರೊಬ್ಬರು, ‘ತೂಕವನ್ನು ಪೂರ್ತಿ ಬಲಗಾಲಿಗೆ ಹಾಕಿ, ಆಮೇಲೆ ಎಡಗಾಲಿಗೆ ತನ್ನಿ’ ಎಂದರು. ಇನ್ನೊಬ್ಬರು, ‘ತೊಂದರೆ ಇರುವುದು ಮಣಿಕಟ್ಟಿನಲ್ಲಿ, ಜೋರಾಗಿ ತಿರುಗಿಸಿ’ ಎಂದರು. ಮೊಬೈಲಿನಲ್ಲಿ ನೋಡಿದ ಪಾಠವೊಂದರಲ್ಲಿ, ‘ಕೈಗಳನ್ನು ಮರೆತೇಬಿಡಿ’ ಎಂದಿತ್ತು. ಮೂರನ್ನೂ ಮಾಡಹೋಗಿ ಈಗ ಎಡ ಮಣಿಕಟ್ಟಿನ ಹೆಬ್ಬೆರಳ ಬದಿ ನೋಯುತ್ತಿದೆ. ಆಡಿದ ಮರುದಿನ ಬೆಳಿಗ್ಗೆ ಸೊಂಟ ಹಿಡಿದುಕೊಳ್ಳುತ್ತದೆ. ಮೊದಲು ಸರಿಪಡಿಸಬೇಕಾದದ್ದು ತೂಕವೋ, ಕೈಯೋ? ಈ ವಯಸ್ಸಿನಲ್ಲಿ ಸ್ವಿಂಗ್ (ಕ್ಲಬ್ ಬೀಸುವ ರೀತಿ) ಬದಲಿಸುವುದು ಸರಿಯೇ? ಹೊಸ ಡ್ರೈವರ್ ಕೊಂಡರೆ ಉಪಯೋಗವಿದೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು, ತಾರಸಿಯಲ್ಲಿ ಚೆನ್ನಾಗಿ ಬರುವ ಹೊಡೆತ ಮೈದಾನದಲ್ಲಿ ಕೆಡುತ್ತದೆ ಎಂಬ ಮಾತು. ನೀವು ಇದನ್ನು ಮೈದಾನದ ಆತಂಕವೆಂದು ತಿಳಿದಿರಬಹುದು. ನನ್ನ ಅನುಭವದಲ್ಲಿ ಕಾರಣ ಅದಲ್ಲ. ಸಿಮೆಂಟಿನ ಮೇಲೆ ಹಾಸಿದ ಮ್ಯಾಟ್‌ನಲ್ಲಿ ಐರನ್‌ನ ಅಡಿಭಾಗ ಚೆಂಡಿಗಿಂತ ನಾಲ್ಕು ಬೆರಳು ಹಿಂದೆ ತಗಲಿದರೂ ಕ್ಲಬ್ ಅಲ್ಲಿ ನಿಲ್ಲುವುದಿಲ್ಲ. ಪುಟಿದು ಮುಂದೆ ಜಾರಿ ಚೆಂಡನ್ನು ಹೊಡೆಯುತ್ತದೆ, ಸದ್ದೂ ಚೆನ್ನಾಗಿಯೇ ಕೇಳುತ್ತದೆ. ಅದೇ ಸ್ವಿಂಗ್ ಮೈದಾನದ ಹುಲ್ಲಿನ ಮೇಲೆ ನಡೆದರೆ ಕ್ಲಬ್ ಮಣ್ಣಿನೊಳಗೆ ಕಚ್ಚಿಕೊಳ್ಳುತ್ತದೆ. ಇನ್ನು ಬಲೆಯು ಚೆಂಡನ್ನು ಮೂರು ಮೀಟರ್‌ನಲ್ಲೇ ತಡೆಯುವುದರಿಂದ, ಅದು ಬಲಕ್ಕೆ ಬಾಗುತ್ತಿತ್ತೋ ಎಡಕ್ಕೋ ನಿಮಗೆ ಕಾಣುವುದೇ ಇಲ್ಲ. ಅಂದರೆ ತಪ್ಪು ತಾರಸಿಯಲ್ಲೂ ಇದೆ, ಮ್ಯಾಟ್ ಅದನ್ನು ಮುಚ್ಚಿಟ್ಟಿದೆ. ಮ್ಯಾಟ್ ಮಾಡುವ ಇನ್ನೊಂದು ಕೆಲಸವೆಂದರೆ, ಪ್ರತಿಯೊಂದು ಹೊಡೆತದ ಆಘಾತವನ್ನು ಕ್ಲಬ್‌ನ ಕೋಲಿನ ಮೂಲಕ ನೇರವಾಗಿ ನಿಮ್ಮ ಎಡ ಮಣಿಕಟ್ಟಿಗೆ ತಲುಪಿಸುವುದು. ಆದ್ದರಿಂದ ಉಳಿದದ್ದನ್ನು ಓದುವ ಮೊದಲು ಇಷ್ಟನ್ನು ಒಪ್ಪಿಕೊಳ್ಳಿ: ಆ ಮ್ಯಾಟ್ ಮೇಲೆ ಐರನ್ ಹೊಡೆಯುವುದನ್ನು ಈ ವಾರದಿಂದಲೇ ನಿಲ್ಲಿಸಿ.

ಈಗ ನಿಮಗೆ ಬಂದ ಮೂರು ಸಲಹೆಗಳಿಗೆ ಬರುತ್ತೇನೆ. ಮೂರರಲ್ಲೂ ಅರ್ಧ ಸತ್ಯವಿದೆ. ಉಳಿದರ್ಧವೇ ನಿಮ್ಮ ಸೊಂಟವನ್ನೂ ಕೈಯನ್ನೂ ನೋಯಿಸುತ್ತಿರುವುದು.

‘ತೂಕವನ್ನು ಬಲಕ್ಕೆ ಹಾಕಿ, ಆಮೇಲೆ ಎಡಕ್ಕೆ ತನ್ನಿ’ ಎಂಬ ಮಾತು ತಲೆಮಾರುಗಳಿಂದ ಬಂದದ್ದು, ಹೇಳುವವರ ಉದ್ದೇಶವೂ ಒಳ್ಳೆಯದೇ. ಆದರೆ ‘ತೂಕ’ ಎಂಬ ಪದವನ್ನು ಕೇಳಿದಾಗ ನಾವು ಇಡೀ ದೇಹವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುತ್ತೇವೆ. ಸ್ವಿಂಗ್‌ನಲ್ಲಿ ನಿಜವಾಗಿ ಹೆಚ್ಚು ಓಡಾಡುವುದು ಅಂಗಾಲಿನ ಅಡಿಯ ಒತ್ತಡ. ದೇಹದ ಭಾರದ ನಡುಬಿಂದು ಸರಿಯುವುದು ಅದಕ್ಕಿಂತ ಬಹಳ ಕಡಿಮೆ. ಈ ವ್ಯತ್ಯಾಸವನ್ನು ಮನೆಯಲ್ಲೇ ನೋಡಬಹುದು. ಮುಳ್ಳು ತಿರುಗುವ ಹಳೆಯ ಮಾದರಿಯ ಎರಡು ತೂಕದ ಯಂತ್ರಗಳನ್ನು ಅಕ್ಕಪಕ್ಕ ಇಟ್ಟು, ಒಂದೊಂದರ ಮೇಲೆ ಒಂದೊಂದು ಕಾಲಿಟ್ಟು ನಿಲ್ಲಿ. ತಲೆಯನ್ನು ಕದಲಿಸದೆ, ಎದೆಯನ್ನು ಬಲಕ್ಕೆ ತಿರುಗಿಸುತ್ತ ಬಲ ಹಿಮ್ಮಡಿಯನ್ನು ಒತ್ತಿ ನೋಡಿ. ದೇಹ ಎಲ್ಲಿಗೂ ಹೋಗದಿದ್ದರೂ ಬಲಗಡೆಯ ಮುಳ್ಳು ಏರುತ್ತದೆ. ನಂತರ ಎಡಗಾಲಿನಿಂದ ನೆಲವನ್ನು ಒಮ್ಮೆಗೇ ಒತ್ತಿ ಮೇಲೇಳಲು ಹೊರಟರೆ, ಆ ಕ್ಷಣದಲ್ಲಿ ಎರಡು ಮುಳ್ಳುಗಳ ಮೊತ್ತ ನಿಮ್ಮ ತೂಕವನ್ನೇ ಮೀರುತ್ತದೆ. ನೆಲವನ್ನು ನಾವು ಒತ್ತಿದಷ್ಟೇ ಬಲದಿಂದ ನೆಲವೂ ನಮ್ಮನ್ನು ಹಿಂದಕ್ಕೆ ಒತ್ತುತ್ತದೆ. ಗಾಲ್ಫ್ ಆಟಗಾರ ತನ್ನ ತಿರುಗುವಿಕೆಗೆ ಬಳಸಿಕೊಳ್ಳುವುದು ಈ ಮರುಬಲವನ್ನು.

ನುರಿತ ಆಟಗಾರರ ಕಾಲಡಿಯ ಒತ್ತಡವನ್ನು ಫೋರ್ಸ್ ಪ್ಲೇಟ್ ಎಂಬ ಅಳತೆಯ ಹಲಗೆಗಳ ಮೇಲೆ ನೋಡಿದಾಗ ಎದ್ದು ಕಾಣುವುದು, ಎಷ್ಟು ಒತ್ತಡ ಸರಿಯಿತು ಎನ್ನುವುದಕ್ಕಿಂತ ಯಾವಾಗ ಸರಿಯಿತು ಎನ್ನುವುದು. ಬಲಗಾಲಿನ ಒತ್ತಡ ಬ್ಯಾಕ್‌ಸ್ವಿಂಗ್‌ನ, ಅಂದರೆ ಕ್ಲಬ್ಬನ್ನು ಹಿಂದಕ್ಕೆತ್ತುವ ಚಲನೆಯ, ಮೊದಲ ಭಾಗದಲ್ಲೇ, ಎಡತೋಳು ನೆಲಕ್ಕೆ ಸಮಾನಾಂತರವಾಗುವ ಹೊತ್ತಿನ ಆಸುಪಾಸಿನಲ್ಲಿ, ಗರಿಷ್ಠಕ್ಕೆ ಮುಟ್ಟಿರುತ್ತದೆ. ಆಮೇಲೆ ಕ್ಲಬ್ ಇನ್ನೂ ಹಿಂದಕ್ಕೆ ಮೇಲೇರುತ್ತಿರುವಾಗಲೇ ಒತ್ತಡ ಎಡಗಾಲಿನತ್ತ ಹೊರಟುಬಿಟ್ಟಿರುತ್ತದೆ. ಕ್ಲಬ್ ಒಂದು ಕಡೆಗೆ, ಕಾಲು ಇನ್ನೊಂದು ಕಡೆಗೆ ಸಾಗುವ ಆ ಅರೆಕ್ಷಣದಲ್ಲಿಯೇ ಸ್ವಿಂಗ್‌ನ ಸೊಗಸಿರುವುದು ಎಂದು ನನಗೆ ಇಷ್ಟು ವರ್ಷ ಕಲಿಸಿದ ಮೇಲೂ ಅನಿಸುತ್ತದೆ. ‘ಮೊದಲು ಬಲಕ್ಕೆ ಪೂರ್ತಿ ಹೋಗು, ಅಲ್ಲಿಗೆ ಮುಟ್ಟಿದ ಮೇಲೆ ಎಡಕ್ಕೆ ಹೊರಡು’ ಎಂದು ಕಲಿತವರಿಗೆ ಈ ಅರೆಕ್ಷಣ ಸಿಗುವುದಿಲ್ಲ. ಅವರು ತುದಿಗೆ ಹೋಗಿ, ನಿಂತು, ಆಮೇಲೆ ಹೊರಡುತ್ತಾರೆ. ಹೊರಡುವ ಹೊತ್ತಿಗೆ ಕ್ಲಬ್ ಆಗಲೇ ಕೆಳಗಿಳಿಯುತ್ತಿರುತ್ತದೆ.

ಈ ತಡದ ಲೆಕ್ಕ ಎಷ್ಟು ಬಿಗಿ ಎಂಬುದನ್ನು ನೋಡಿ. ಬ್ಯಾಕ್‌ಸ್ವಿಂಗ್‌ಗೆ ಸುಮಾರು ಮುಕ್ಕಾಲು ಸೆಕೆಂಡ್ ಹಿಡಿದರೆ, ಕ್ಲಬ್ ಕೆಳಗಿಳಿದು ಚೆಂಡಿಗೆ ತಲುಪಲು ಕಾಲು ಸೆಕೆಂಡ್ ಸಾಕು. ಕಣ್ಣು ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ನಮಗೆಲ್ಲ ಹೆಚ್ಚುಕಡಿಮೆ ಸೆಕೆಂಡಿನ ಐದನೇ ಒಂದು ಭಾಗ ಬೇಕು. ಹಾಗಾಗಿ ಇಳಿಯುವ ದಾರಿಯಲ್ಲಿ ‘ಈಗ ತಿರುಗಿಸುತ್ತೇನೆ’ ಎಂದು ತೀರ್ಮಾನಿಸಿ ತಿರುಗಿಸಲು ಸಮಯವೇ ಇಲ್ಲ. ಚೆಂಡು ಕ್ಲಬ್‌ಗೆ ಅಂಟಿಕೊಂಡಿರುವುದಂತೂ ಸೆಕೆಂಡಿನ ಎರಡು ಸಾವಿರದಲ್ಲಿ ಒಂದು ಭಾಗ ಮಾತ್ರ. ಗಂಟೆಗೆ 145 ಕಿಲೋಮೀಟರ್ ವೇಗದಲ್ಲಿ ಬರುವ ಡ್ರೈವರ್ ಅಷ್ಟರಲ್ಲಿ ಸಾಗುವ ದೂರ ಎರಡು ಸೆಂಟಿಮೀಟರ್. ಆ ಎರಡು ಸೆಂಟಿಮೀಟರ್‌ನೊಳಗೆ ಮಣಿಕಟ್ಟಿನಿಂದ ಏನನ್ನಾದರೂ ಸಾಧಿಸುತ್ತೇನೆಂದು ಹೊರಟವರು, ಒಂದು ದಿನ ಹೊಂದಿಕೆ ಕೂಡಿಬಂದಾಗ ಅದ್ಭುತವಾಗಿ ಆಡುತ್ತಾರೆ. ಮರುದಿನ ಅದೇ ಆಟ ಎಲ್ಲಿ ಹೋಯಿತೆಂದು ಹುಡುಕುತ್ತಾರೆ.

ಕಾಲು ತಡವಾದಾಗ ಕೈ ಏನು ಮಾಡುತ್ತದೆ? ಒತ್ತಡ ಇನ್ನೂ ಬಲಗಾಲಿನಲ್ಲಿಯೇ ಇದ್ದರೆ, ಕ್ಲಬ್ ಬಿಡಿಸುವ ವೃತ್ತದ ಅತಿ ಕೆಳಗಿನ ಬಿಂದು ಚೆಂಡಿಗಿಂತ ಹಿಂದೆ ಉಳಿಯುತ್ತದೆ. ಒಳ್ಳೆಯ ಐರನ್ ಹೊಡೆತದಲ್ಲಿ ಅದು ಚೆಂಡಿಗಿಂತ ಮುಂದೆ, ಗುರಿಯ ಕಡೆಗಿರಬೇಕು. ಕ್ಲಬ್ ಮೊದಲು ಚೆಂಡನ್ನು, ಆಮೇಲೆ ಮಣ್ಣನ್ನು ಮುಟ್ಟಬೇಕು. ಬಿಂದು ಹಿಂದೆ ಉಳಿದಾಗ ಕ್ಲಬ್ ಮಣ್ಣಿಗೆ ಕಚ್ಚುತ್ತದೆ. ಇಂಥ ನಾಲ್ಕು ಹೊಡೆತಗಳಾದ ಮೇಲೆ ಮಿದುಳು ತನ್ನಷ್ಟಕ್ಕೆ ಪಾಠ ಕಲಿಯುತ್ತದೆ: ಎಡ ಮಣಿಕಟ್ಟನ್ನು ಹಿಂಬದಿಗೆ ಮಡಚಿ, ಮೊಳಕೈಯನ್ನು ಎಳೆದುಕೊಂಡು, ಕ್ಲಬ್ಬನ್ನು ನೆಲದಿಂದ ಎತ್ತಿಬಿಡುತ್ತದೆ. ಆಗ ಕ್ಲಬ್‌ನ ತಳದ ಅಂಚು ಚೆಂಡಿನ ನೆತ್ತಿಗೆ ತಗಲುತ್ತದೆ. ನೆಲ ಕಚ್ಚುವುದು ಮತ್ತು ನೆತ್ತಿ ಸವರುವುದು ಎರಡು ಬೇರೆ ಕಾಯಿಲೆಗಳೆಂಬಂತೆ ನೀವು ಬರೆದಿದ್ದೀರಿ. ಕಾಯಿಲೆ ಒಂದೇ, ಎರಡನೆಯದು ಮೊದಲನೆಯದಕ್ಕೆ ನಿಮ್ಮ ಕೈ ತಾನೇ ಮಾಡಿಕೊಂಡ ಚಿಕಿತ್ಸೆ.

ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದ ಬದಿಯಲ್ಲಿ ಬೀಸುಬಲೆ ಎಸೆಯುವವರನ್ನು ನೀವು ಬಾಲ್ಯದಿಂದಲೂ ನೋಡಿರುತ್ತೀರಿ. ಇನ್ನೊಮ್ಮೆ ಹೋಗಿ, ಬಲೆಯನ್ನು ಬಿಟ್ಟು ಅವರ ಕಾಲುಗಳನ್ನು ನೋಡಿ. ಬಲೆಯನ್ನು ಮಡಚಿ ತೋಳಿಗೆ ಹಾಕಿಕೊಂಡು ಸೊಂಟದಿಂದ ಹಿಂದಕ್ಕೆ ತಿರುಗುತ್ತಾರೆ. ಬಲೆ ಇನ್ನೂ ಹಿಂದೆ ತೂಗುತ್ತಿರುವಾಗಲೇ ಮುಂದಿನ ಕಾಲು ನೆಲ ಹಿಡಿದಿರುತ್ತದೆ. ಮೈ ಸುತ್ತಿ ಬಂದಂತೆ ಅಂಚಿನ ಸೀಸದ ಗುಂಡುಗಳು ತಾವಾಗಿ ಹೊರಕ್ಕೆ ಹಾರಿ ಬಲೆ ದುಂಡಗೆ ಅರಳುತ್ತದೆ. ಅಲ್ಲಿ ಕೈಯ ಕೆಲಸ ಹಿಡಿದಿಟ್ಟುಕೊಳ್ಳುವುದು, ಹೊತ್ತಿಗೆ ಸರಿಯಾಗಿ ಬಿಡುವುದು. ಹೊಸಬರು ತೋಳಿನ ಬಲದಿಂದ ಬಲೆಯನ್ನು ದೂಡಿದರೆ ಅದು ಉಂಡೆಯಾಗಿ ನೀರಿಗೆ ಬೀಳುತ್ತದೆ. ಗಾಲ್ಫ್ ಕ್ಲಬ್‌ನ ತಲೆಯೂ ಆ ಸೀಸದ ಗುಂಡಿನಂತೆಯೇ. ತೋಳು ಒಂದು ಲೋಲಕ, ಮಣಿಕಟ್ಟಿನಿಂದಾಚೆ ಕ್ಲಬ್ ಇನ್ನೊಂದು ಲೋಲಕ. ಒಳಗಿನದು ತಿರುಗುತ್ತಿದ್ದರೆ ಹೊರಗಿನದು ತಾನಾಗಿ ಬಿಚ್ಚಿಕೊಳ್ಳುತ್ತದೆ. ಮೇಲಿನಿಂದ ಇಳಿಯುವಾಗಲೇ ಮಣಿಕಟ್ಟನ್ನು ಬಿಚ್ಚಿ ಹೊಡೆಯಲು ಹೊರಟರೆ ವೇಗದ ಶಿಖರ ಚೆಂಡಿಗೆ ಮೊದಲೇ ಮುಗಿದುಹೋಗುತ್ತದೆ.

ಹಾಗಾದರೆ ‘ಕೈಗಳನ್ನು ಮರೆತೇಬಿಡಿ’ ಎಂದವರೇ ಸರಿಯೇ? ಅದೂ ಅಲ್ಲ. ವೇಗ ಹುಟ್ಟಿಸುವ ಕೆಲಸವನ್ನು ಕೈಯಿಂದ ತೆಗೆಯಬಹುದು. ಕ್ಲಬ್‌ನ ಮುಖ, ಅಂದರೆ ಚೆಂಡಿಗೆ ತಗಲುವ ಅದರ ಚಪ್ಪಟೆ ಬದಿ, ಯಾವ ಕಡೆ ನೋಡುತ್ತಿರಬೇಕು ಎಂಬ ಕೆಲಸವನ್ನು ತೆಗೆಯಲಾಗದು, ಏಕೆಂದರೆ ಕ್ಲಬ್ಬನ್ನು ಮುಟ್ಟಿರುವ ದೇಹದ ಭಾಗ ಕೈ ಒಂದೇ. ಚೆಂಡು ಹೊರಡುವ ದಿಕ್ಕನ್ನು ಕ್ಲಬ್ ಸಾಗುವ ಹಾದಿ ನಿರ್ಧರಿಸುತ್ತದೆ, ಮುಖವು ಬಾಗುವಿಕೆಯನ್ನು ನಿರ್ಧರಿಸುತ್ತದೆ ಎಂದು ಬಹುಕಾಲ ಕಲಿಸಲಾಗುತ್ತಿತ್ತು. ನಾನೂ ಹಾಗೆಯೇ ಕಲಿತವನು. ಅಳತೆಯ ಉಪಕರಣಗಳು ಬಂದ ಮೇಲೆ ಸ್ಪಷ್ಟವಾದದ್ದು ಬೇರೆ. ಹೊರಡುವ ದಿಕ್ಕು ಬಹುಪಾಲು ಮುಖದ್ದೇ; ಮುಖ ನೋಡುವ ದಿಕ್ಕಿಗೂ ಕ್ಲಬ್ ಸಾಗುವ ಹಾದಿಗೂ ಇರುವ ವ್ಯತ್ಯಾಸದಿಂದ ಚೆಂಡು ಗಾಳಿಯಲ್ಲಿ ಬಾಗುತ್ತದೆ. ಮುಖ ಒಂದೇ ಒಂದು ಡಿಗ್ರಿ ತಪ್ಪಿದರೆ, ಬಾಗುವಿಕೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ, 200 ಮೀಟರ್ ದೂರದಲ್ಲಿ ಮೂರೂವರೆ ಮೀಟರ್ ಅಂತರವಾಗುತ್ತದೆ.

ಈ ಮುಖವನ್ನು ನಿಯಂತ್ರಿಸುವುದು ಹೊಡೆಯುವ ಕ್ಷಣದ ತಿರುಚುವಿಕೆಯಿಂದಲ್ಲ, ಹೊಡೆಯುವ ಮೊದಲೇ ಕೈ ಕ್ಲಬ್ಬನ್ನು ಹಿಡಿದ ರೀತಿಯಿಂದ. ಅಮೆರಿಕದ ಹಳೆಯ ಆಟಗಾರ ಬೆನ್ ಹೋಗನ್ ತಮ್ಮ ವೃತ್ತಿಯ ಆರಂಭದ ವರ್ಷಗಳಲ್ಲಿ ಎಡಕ್ಕೆ ಬಾಗುವ ಹುಕ್‌ನಿಂದ ಬಹಳ ಕಷ್ಟಪಟ್ಟವರು. ಎಡಗೈಯ ಹಿಡಿತವನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡದ್ದು ಅವರ ಪರಿಹಾರದ ದೊಡ್ಡ ಭಾಗವಾಗಿತ್ತು, 1953ರಲ್ಲಿ ಒಂದೇ ವರ್ಷ ಮೂರು ಮೇಜರ್ (ಗಾಲ್ಫ್‌ನ ಅತಿ ದೊಡ್ಡ) ಪಂದ್ಯಾವಳಿಗಳನ್ನು ಗೆದ್ದರು. ಈ ಕಾಲದ ಅಮೆರಿಕದ ಆಟಗಾರ ಡಸ್ಟಿನ್ ಜಾನ್ಸನ್ ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಎಡ ಮಣಿಕಟ್ಟನ್ನು ಅಂಗೈ ಕಡೆಗೆ ಬಾಗಿಸಿ ಮುಖವನ್ನು ಮುಚ್ಚಿಕೊಳ್ಳುತ್ತಾರೆ, ಅಂದರೆ ಎಡಕ್ಕೆ ತಿರುಗಿಸಿಕೊಳ್ಳುತ್ತಾರೆ. ಆಮೇಲೆ ಮೈಯನ್ನು ಬೇಗ ತಿರುಗಿಸಿ ಅದನ್ನು ಸರಿದೂಗಿಸುತ್ತಾರೆ. ಇಬ್ಬರ ಕೈಗಳೂ ಒಂದೇ ಬಗೆಯಲ್ಲಿ ಕೆಲಸ ಮಾಡುವುದಿಲ್ಲ. ಆದರೆ ಇಬ್ಬರೂ ಚೆಂಡಿನ ಹತ್ತಿರ ಬಂದಾಗ ಕೈಯಿಂದ ತುರ್ತಾಗಿ ಏನನ್ನೂ ಮಾಡಬೇಕಾಗಿಲ್ಲದಂತೆ ಮೊದಲೇ ವ್ಯವಸ್ಥೆ ಮಾಡಿಕೊಂಡವರು.

ನನ್ನದೊಂದು ತಪ್ಪನ್ನೂ ಇಲ್ಲಿ ಹೇಳಬೇಕು. ಬೆಂಗಳೂರಿನಲ್ಲಿ ಕಲಿಸಲು ತೊಡಗಿದ ಮೊದಲ ವರ್ಷಗಳಲ್ಲಿ ನಿಮ್ಮದೇ ವಯಸ್ಸಿನ ಒಬ್ಬರು ನನ್ನ ಬಳಿ ಬರುತ್ತಿದ್ದರು. ಚೆಂಡು ಬಲಕ್ಕೆ ಬಾಗುವ ಸ್ಲೈಸ್ ಅವರ ದೂರು. ನಾನು ಅವರ ಮುಂಗೈ ಹಿಡಿದು ತಿರುಗಿಸಿ, ಚೆಂಡು ತಗಲುವಾಗ ಬಲ ಅಂಗೈ ಹೀಗೆ ಕೆಳಮುಖವಾಗಲಿ ಎಂದು ಹೇಳಿಕೊಟ್ಟೆ. ಒಂದೇ ತಾಸಿನಲ್ಲಿ ಸ್ಲೈಸ್ ಹೋಯಿತು, ಅವರು ಸಂತೋಷದಿಂದ ಮನೆಗೆ ಹೋದರು. ಎರಡು ತಿಂಗಳಲ್ಲಿ ಎಡಕ್ಕೂ ಬಲಕ್ಕೂ ಹೊಡೆಯುವವರಾದರು, ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡು ಬರತೊಡಗಿದರು. ನಾನು ಒಮ್ಮೆಯೂ ಅವರ ಪಾದಗಳನ್ನು ನೋಡಿರಲಿಲ್ಲ. ಅಂದಿನಿಂದ ಯಾರೇ ಬಂದರೂ ಮೊದಲ ಹತ್ತು ಹೊಡೆತ ಮೊಣಕಾಲಿನಿಂದ ಕೆಳಗೆ ಮಾತ್ರ ನೋಡುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ನಿಮ್ಮ ಪತ್ರದಿಂದ ನನಗೆ ಕಾಣುವ ಚಿತ್ರ ಹೀಗಿದೆ. ಬಲಕ್ಕೆ ಪೂರ್ತಿ ಹೋಗಬೇಕೆಂದು ಸೊಂಟವನ್ನು ತಿರುಗಿಸುವ ಬದಲು ಬದಿಗೆ ಜರುಗಿಸುತ್ತಿದ್ದೀರಿ. ಒತ್ತಡ ಬಲ ಅಂಗಾಲಿನ ಹೊರ ಅಂಚಿಗೆ ಹೋಗುತ್ತಿದೆ, ಅಲ್ಲಿಂದ ಮರಳಿ ಬರುವುದು ಕಷ್ಟ. ಕಾಲು ಸಮಯಕ್ಕೆ ಬರದ ಕಾರಣ ಕ್ಲಬ್ ಕೆಳಗಿಳಿಸುವ ಡೌನ್‌ಸ್ವಿಂಗ್ ಅನ್ನು ಭುಜಗಳು ಆರಂಭಿಸುತ್ತಿವೆ, ಕ್ಲಬ್ ಹೊರಗಿನಿಂದ ಒಳಕ್ಕೆ ಕತ್ತರಿಸುತ್ತಿದೆ, ಮುಖ ಆ ಹಾದಿಗೆ ಹೋಲಿಸಿದರೆ ತೆರೆದಿದೆ, ಅಂದರೆ ಬಲಕ್ಕೆ ನೋಡುತ್ತಿದೆ, ಅದಕ್ಕೇ ಸ್ಲೈಸ್. ಕೈ ತಿರುಗಿಸಿದ ದಿನ ಅದೇ ಹಾದಿಯಲ್ಲಿ ಮುಖ ಮುಚ್ಚಿಕೊಂಡು ಚೆಂಡು ಪೊದೆಗೆ ಹೋಗುತ್ತಿದೆ. ಕಣ್ಣಾರೆ ನೋಡದೆ ಇದನ್ನು ಖಂಡಿತವೆಂದು ಹೇಳಲಾರೆ. ಆದರೆ ಇದು ಹೌದೋ ಅಲ್ಲವೋ ಎಂಬುದನ್ನು ನೀವೇ ಕಂಡುಕೊಳ್ಳಲು ಯಾವ ಉಪಕರಣವೂ ಬೇಡ, ಕಾರವಾರದ ಕಡಲತೀರ ಸಾಕು.

ಬೆಳಿಗ್ಗೆ ಜನರಿಲ್ಲದ ಹೊತ್ತಿನಲ್ಲಿ, ನೀರು ಇಳಿದಿರುವಾಗ, ಅಲೆ ಹಿಂದೆ ಸರಿದು ಬಿಟ್ಟುಹೋದ ಗಟ್ಟಿ ಒದ್ದೆ ಮರಳಿನ ಮೇಲೆ ಬರಿಗಾಲಲ್ಲಿ ನಿಲ್ಲಿ. ಎಡ ಹಿಮ್ಮಡಿಯಿಂದ ನಾಲ್ಕು ಬೆರಳು ಒಳಗೆ, ಗುರಿಯ ದಿಕ್ಕಿಗೆ ಅಡ್ಡವಾಗಿ, ಒಂದು ಗೆರೆ ಎಳೆಯಿರಿ. ಚೆಂಡು ಇಡಬೇಡಿ, ಸಾರ್ವಜನಿಕ ಕಡಲತೀರದಲ್ಲಿ ಚೆಂಡು ಹೊಡೆಯುವುದು ಅಪಾಯಕರ, ಇಲ್ಲಿ ಅದರ ಅಗತ್ಯವೂ ಇಲ್ಲ. ಎಂಟು ಅಥವಾ ಒಂಬತ್ತನೇ ಐರನ್‌ನಿಂದ ನಿಧಾನವಾಗಿ ಅರ್ಧ ಸ್ವಿಂಗ್ ಮಾಡಿ, ಕ್ಲಬ್ ಮರಳನ್ನು ಎಲ್ಲಿ ಮುಟ್ಟಿತೆಂದು ನೋಡಿ. ಗುರುತು ಗೆರೆಯಿಂದ ಆರಂಭವಾಗಿ ಗುರಿಯ ಕಡೆಗೆ ಹೋಗಿರಬೇಕು. ಅದು ಗೆರೆಗೆ ಹಿಂದೆಯೇ ಬಿದ್ದರೆ ಕ್ಲಬ್‌ನ ವೃತ್ತದ ಕೆಳಬಿಂದು ಹಿಂದಿದೆ ಎಂದು ಅರ್ಥ. ಆಮೇಲೆ ಪಕ್ಕಕ್ಕೆ ಸರಿದು ನಿಮ್ಮ ಹೆಜ್ಜೆಗುರುತುಗಳನ್ನು ಕುಕ್ಕರಗಾಲಲ್ಲಿ ಕೂತು ನೋಡಿ. ಬಲ ಹೆಜ್ಜೆಯ ಹೊರ ಅಂಚು, ಕಿರುಬೆರಳಿನ ಬದಿ, ಆಳವಾಗಿ ಹೂತು ಅಲ್ಲಿ ಮರಳು ಒಡ್ಡಿನಂತೆ ಎದ್ದಿದ್ದರೆ ನೀವು ಜರುಗುತ್ತಿದ್ದೀರಿ. ಒಳ ಅಂಚು ಮತ್ತು ಹಿಮ್ಮಡಿ ಹೂತಿದ್ದರೆ ತಿರುಗುತ್ತಿದ್ದೀರಿ. ಸ್ವಿಂಗ್ ಮುಗಿದಾಗ ಬಲಗಾಲಿನ ಬೆರಳ ತುದಿ ಮರಳಿನಲ್ಲಿ ತಿರುವಿಕೊಂಡ ಸಣ್ಣ ಗುಳಿಯನ್ನು ಬಿಟ್ಟಿರಬೇಕು. ಇಡೀ ಅಂಗಾಲು ಚಪ್ಪಟೆಯಾಗಿ ನಿಂತಿದ್ದರೆ ಒತ್ತಡ ಎಡಕ್ಕೆ ಬಂದೇ ಇಲ್ಲ. ಸಾವಿರಾರು ರೂಪಾಯಿ ಕೊಟ್ಟು ನೋಡುವ ಫೋರ್ಸ್ ಪ್ಲೇಟ್‌ನ ಸೂಕ್ಷ್ಮತೆ ಇದಕ್ಕಿಲ್ಲ, ಆದರೆ ದಿಕ್ಕನ್ನು ಇದು ತಪ್ಪಾಗಿ ತೋರಿಸುವುದಿಲ್ಲ.

ಸರಿಪಡಿಸುವ ಬಗ್ಗೆ ನಿಮ್ಮ ಮುಂದೆ ಮೂರು ದಾರಿಗಳಿವೆ. ಮೊದಲನೆಯದು, ಸ್ವಿಂಗ್ ಮುಟ್ಟದೆ ನಿಲುವು ಮತ್ತು ಹಿಡಿತವನ್ನು ಮಾತ್ರ ಸರಿಪಡಿಸುವುದು. ಕೆಳಗೆ ನೋಡಿದಾಗ ಎಡಗೈಯ ಎರಡರಿಂದ ಮೂರು ಗೆಣ್ಣುಗಳು ಕಾಣುವಂತೆ ಹಿಡಿಯಿರಿ, ಎಡಪಾದವನ್ನು ಗುರಿಯ ಕಡೆಗೆ 20ರಿಂದ 25 ಡಿಗ್ರಿ ತೆರೆದಿಡಿ. ಇದರಲ್ಲಿ ಅಪಾಯ ಬಹಳ ಕಡಿಮೆ. ಸ್ಲೈಸ್ ತಗ್ಗುತ್ತದೆ, ಸೊಂಟ ಮತ್ತು ಎಡ ಮೊಣಕಾಲಿನ ಮೇಲಿನ ತಿರುಚು ಕಡಿಮೆಯಾಗುತ್ತದೆ. ನೆಲ ಕಚ್ಚುವುದು ಮಾತ್ರ ಹೋಗದು.

ಎರಡನೆಯದು, ಆರಂಭದಿಂದಲೇ ಒತ್ತಡದ ಹೆಚ್ಚಿನ ಪಾಲನ್ನು ಎಡಗಾಲಿನ ಮೇಲಿಟ್ಟು, ಬ್ಯಾಕ್‌ಸ್ವಿಂಗ್‌ನಲ್ಲೂ ಅಲ್ಲೇ ಉಳಿಸಿಕೊಳ್ಳುವುದು. ಹೀಗೆ ಕಲಿಸುವ ಪಂಥವೊಂದು ಇದೆ, ಒಳ್ಳೆಯ ಆಟಗಾರರೂ ಅದರಿಂದ ಬಂದಿದ್ದಾರೆ. ಒಂದೆರಡು ವಾರಗಳಲ್ಲೇ ಐರನ್ ಹೊಡೆತ ಶುದ್ಧವಾಗುತ್ತದೆ ಎಂಬುದು ಇದರ ಆಕರ್ಷಣೆ. ಆದರೆ ಒತ್ತಡವನ್ನು ಎಡಕ್ಕಿಡಲು ಹೋಗಿ ಮೈಯ ಮೇಲ್ಭಾಗವನ್ನೇ ಗುರಿಯ ಕಡೆ ಬಾಗಿಸಿದರೆ ಬೆನ್ನು ಹಿಮ್ಮುಖವಾಗಿ ವಾಲುತ್ತದೆ. ಕೆಳಬೆನ್ನಿಗೆ ಅದಕ್ಕಿಂತ ಕೆಟ್ಟ ಭಂಗಿ ಸ್ವಿಂಗ್‌ನಲ್ಲಿ ಇನ್ನೊಂದಿಲ್ಲ. ಈಗಾಗಲೇ ಸೊಂಟ ನೋಯುತ್ತಿರುವ ನಿಮಗೆ, ಹತ್ತಿರದಲ್ಲಿ ನಿಂತು ನೋಡುವವರಿಲ್ಲದೆ ಇದನ್ನು ನಾನು ಸೂಚಿಸುವುದಿಲ್ಲ. ಹತ್ತಿರದಿಂದ ಚೆಂಡನ್ನು ಮೆಲ್ಲಗೆ ಎತ್ತಿ ಹೊಡೆಯುವ ಚಿಪ್ ಹೊಡೆತಗಳಿಗೆ ಮಾತ್ರ ಹೀಗೆ ನಿಲ್ಲಿ.

ಮೂರನೆಯದು, ಒತ್ತಡದ ಸಮಯವನ್ನು ಹೊಸದಾಗಿ ಕಲಿಯುವುದು. ನಿಮಗೆ ನಾನು ಹೇಳುವುದು ಮೊದಲನೆಯದರ ಜೊತೆಗೆ ಇದನ್ನು. ಎರಡೂ ಪಾದಗಳನ್ನು ಜೋಡಿಸಿ ನಿಂತು, ಕ್ಲಬ್ ಹಿಂದಕ್ಕೆ ಹೋಗಿ ಸೊಂಟದ ಎತ್ತರ ದಾಟುತ್ತಿದ್ದಂತೆ ಎಡಗಾಲನ್ನು ಗುರಿಯ ಕಡೆ ಒಂದು ಹೆಜ್ಜೆ ಇಡಿ. ಹೆಜ್ಜೆ ನೆಲ ಮುಟ್ಟಿದ ಮೇಲೆ ಕ್ಲಬ್ ಇಳಿಯಲಿ. ಬೀಸುಬಲೆಯವರ ಕಾಲು ಮಾಡುವುದು ಇದನ್ನೇ. ದಿನಕ್ಕೆ 30 ಸಲ, ಚೆಂಡಿಲ್ಲದೆ, ಎರಡು ವಾರ ಮಾಡಿ. ಆಮೇಲೆ ಹೆಜ್ಜೆಯನ್ನು ಚಿಕ್ಕದು ಮಾಡುತ್ತ ಬಂದು, ಕೊನೆಗೆ ಎಡ ಹಿಮ್ಮಡಿಯನ್ನು ತುಸು ಎತ್ತಿ ಇಡುವಷ್ಟಕ್ಕೆ ತನ್ನಿ. ಬ್ಯಾಕ್‌ಸ್ವಿಂಗ್‌ನಲ್ಲಿ ಬಲ ಸೊಂಟ ಬಲಕ್ಕೆ ಹೋಗದೆ ಹಿಂದಕ್ಕೆ ತಿರುಗಬೇಕು. ನಿಮ್ಮ ಬಲಗಡೆ ಒಂದು ಗೋಡೆಯಿದೆ, ಹಿಂದಿನ ಜೇಬು ಮಾತ್ರ ಹಿಂದಕ್ಕೆ ಹೋಗಬಹುದು ಎಂದುಕೊಳ್ಳಿ. ಕೈಗೆ ಬೇರೆ ಅಭ್ಯಾಸ ಬೇಕೆನಿಸಿದರೆ, ಪಾದಗಳನ್ನು ಜೋಡಿಸಿಯೇ, ಸೊಂಟದ ಎತ್ತರದಿಂದ ಸೊಂಟದ ಎತ್ತರಕ್ಕೆ ಮಾತ್ರ ಕ್ಲಬ್ ಬೀಸಿ. ಹಾಗೆ ನಿಂತಾಗ ಕೈಯಿಂದ ಬಲವಂತ ಮಾಡಿದರೆ ಸಮತೋಲನ ತಪ್ಪುತ್ತದೆ, ಆದ್ದರಿಂದ ಕೈ ತಾನಾಗಿ ಸುಮ್ಮನಾಗುತ್ತದೆ. ಕ್ಲಬ್‌ನ ತಲೆಯ ಭಾರ ಕೋಲಿನ ನೇರಕ್ಕಿಲ್ಲದೆ ಹೊರಚಾಚಿಕೊಂಡಿರುವುದರಿಂದ, ಮುಂಗೈ ಸಡಿಲವಾಗಿದ್ದರೆ ಮುಖ ತಾನೇ ತಿರುಗಿ ಮುಚ್ಚಿಕೊಳ್ಳುವುದನ್ನು ಈ ಚಿಕ್ಕ ಬೀಸಿನಲ್ಲೇ ನೀವು ಅನುಭವಿಸಬಹುದು.

ಈ ದಾರಿಯ ತೊಂದರೆಯನ್ನೂ ಮುಚ್ಚಿಡಲಾರೆ. ಹೊಸ ಕ್ರಮ ಮೈಗೂಡಲು ನಾನು ಕಲಿಸಿದ ಬಹುತೇಕರಿಗೆ ಆರರಿಂದ ಎಂಟು ವಾರ ಬೇಕಾಗಿದೆ, ಮೂರನೇ ವಾರದ ಹೊತ್ತಿಗೆ ಆಟ ಮೊದಲಿಗಿಂತ ಹದಗೆಡುವುದು ಸಾಮಾನ್ಯ. ಕಾಲು ಸಮಯಕ್ಕೆ ಬರತೊಡಗಿದರೂ ಕೈ ಇನ್ನೂ ಹಳೆಯ ರಕ್ಷಣೆಯ ಚಲನೆಯನ್ನು ಮಾಡುತ್ತಿರುತ್ತದೆ. ಆಗ ಚೆಂಡು ಎಡಕ್ಕೆ ಎಳೆದುಕೊಂಡು ಹೋಗುತ್ತದೆ. ಅದನ್ನು ಕಂಡು ಹಳೆಯದಕ್ಕೆ ಮರಳಬೇಡಿ. ಇನ್ನೊಂದು ಅಪಾಯ ಅತಿಯಾದ ಉತ್ಸಾಹದ್ದು: ಎಡಕ್ಕೆ ಬರಬೇಕೆಂದು ಸೊಂಟವನ್ನು ಎಡಪಾದಕ್ಕಿಂತ ಆಚೆಗೆ ಜಾರಿಸಿದರೆ ಮೈಯ ಮೇಲ್ಭಾಗ ಹಿಂದೆ ಉಳಿದು, ಕೈ ಮತ್ತೆ ಓಡಿಬರಬೇಕಾಗುತ್ತದೆ.

ನೋವಿನ ವಿಷಯದಲ್ಲಿ ತರಬೇತುದಾರನ ಮಾತಿಗೆ ಮಿತಿಯಿದೆ, ವೈದ್ಯರನ್ನು ಕಾಣಲೇಬೇಕು. ಹೆಬ್ಬೆರಳನ್ನು ಮುಷ್ಟಿಯೊಳಗಿಟ್ಟು ಮಣಿಕಟ್ಟನ್ನು ಕಿರುಬೆರಳಿನ ಕಡೆ ಬಾಗಿಸಿದಾಗ ಚುಚ್ಚಿದಂತೆ ನೋವಾದರೆ, ಹೆಬ್ಬೆರಳಿನ ಸ್ನಾಯುರಜ್ಜುಗಳು ಹಾದುಹೋಗುವ ಕವಚದ ತೊಂದರೆಯಿರುವ ಸಾಧ್ಯತೆ ಹೆಚ್ಚು. ವೈದ್ಯರು ಇದನ್ನು ಡಿ ಕ್ವರ್ವೇನ್ ಎಂದು ಕರೆಯುತ್ತಾರೆ. ಬಿಗಿಯಾಗಿ ಹಿಡಿದು ಮಣಿಕಟ್ಟನ್ನು ಮತ್ತೆ ಮತ್ತೆ ಕೆಳಕ್ಕೆ ಬಡಿಯುವವರಿಗೆ ಇದು ಬರುತ್ತದೆ, ವಿಶ್ರಾಂತಿ ಕೊಟ್ಟರೆ ಸಾಮಾನ್ಯವಾಗಿ ತಗ್ಗುತ್ತದೆ. ನೋವು ಮುಂದೆಂದಾದರೂ ಅಂಗೈಯ ಬುಡದಲ್ಲಿ, ಕಿರುಬೆರಳಿನ ಬದಿಗೆ ಬಂದರೆ ಮಾತ್ರ ಒಂದು ದಿನವೂ ಆಡಬೇಡಿ. ಕ್ಲಬ್‌ನ ಹಿಡಿಯ ತುದಿ ಒತ್ತುವ ಆ ಜಾಗದಲ್ಲಿ ಹ್ಯಾಮೇಟ್ ಎಂಬ ಸಣ್ಣ ಮೂಳೆಯ ಕೊಕ್ಕೆ ಇದೆ; ನೆಲಕ್ಕೆ ಬಡಿದ ಹೊಡೆತದಲ್ಲಿ ಅದು ಮುರಿಯಬಹುದು, ಸಾಮಾನ್ಯ ಎಕ್ಸ್‌ರೇಯಲ್ಲಿ ಕಾಣದೆಯೂ ಹೋಗಬಹುದು, ಸಿಟಿ ಸ್ಕ್ಯಾನ್ ಬೇಕಾಗುತ್ತದೆ.

ಸೊಂಟದ ನೋವಿಗೆ ಕಾರಣ ನೀವು ಜರುಗುವುದು ಮತ್ತು ಭುಜದಿಂದ ಹೊಡೆಯುವುದೇ ಇರಬಹುದು. ಕೆಳಬೆನ್ನಿನ ಮೂಳೆಗಳಿಗೆ ತಿರುಗುವ ಅವಕಾಶ ಸ್ವಭಾವತಃ ಕಡಿಮೆ; ತಿರುಗಬೇಕಾದದ್ದು ತೊಡೆಯ ಕೀಲು ಮತ್ತು ಎದೆಯ ಹಿಂದಿನ ಬೆನ್ನು. ಅವು ತಿರುಗದಿದ್ದಾಗ ಹೊರೆ ಕೆಳಬೆನ್ನಿಗೆ ಬೀಳುತ್ತದೆ. ನೋವು ತೊಡೆಯಿಂದ ಕೆಳಗೆ ಇಳಿದರೆ, ಕಾಲು ಜೋಮು ಹಿಡಿದರೆ ಅಭ್ಯಾಸವನ್ನು ಪೂರ್ತಿ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ನಮ್ಮ ಕರಾವಳಿಯಲ್ಲಿ ಆಡುವವರಿಗೆ ಮಾತ್ರ ಗೊತ್ತಿರುವ ಒಂದು ಸಂಗತಿಯನ್ನು ಸೇರಿಸುತ್ತೇನೆ. ಇಲ್ಲಿಯ ಉಪ್ಪುಗಾಳಿ ಮತ್ತು ಬೆವರಿಗೆ ಕ್ಲಬ್‌ನ ರಬ್ಬರ್ ಹಿಡಿ ಬೇಗ ಗಟ್ಟಿಯಾಗಿ ನುಣುಪಾಗುತ್ತದೆ. ಜಾರುವ ಹಿಡಿಯನ್ನು ಕೈ ತಾನಾಗಿ ಬಿಗಿಯುತ್ತದೆ, ಬಿಗಿದ ಮುಂಗೈಯಲ್ಲಿ ಮಣಿಕಟ್ಟು ಬಿಚ್ಚಿಕೊಳ್ಳುವುದಿಲ್ಲ, ಮುಖ ತೆರೆದೇ ಉಳಿಯುತ್ತದೆ. ಶಿರಸಿಯಿಂದ ಘಟ್ಟ ಇಳಿದು ಕುಮಟಾಕ್ಕೆ ಕಲಿಸಲು ಬಂದಾಗ ಎಷ್ಟೋ ಜನರ ಸ್ಲೈಸ್ ಅರ್ಧದಷ್ಟು ಕಡಿಮೆಯಾದದ್ದು ಹೊಸ ಹಿಡಿ ಹಾಕಿಸಿದ ದಿನವೇ. ವಾರಕ್ಕೊಮ್ಮೆ ಸಾಬೂನು ನೀರಿನಲ್ಲಿ ಹಿಡಿಗಳನ್ನು ತೊಳೆದು ಒರೆಸಿಡಿ. ಮಳೆಗಾಲದಲ್ಲಿ ಒದ್ದೆ ಚೀಲದಲ್ಲಿ ಕ್ಲಬ್ ಬಿಡಬೇಡಿ.

ವಯಸ್ಸಿನ ಬಗ್ಗೆ ಕೇಳಿದ್ದೀರಿ. ಸ್ಪೇನಿನ ಆಟಗಾರ ಜಾನ್ ರಾಮ್ ಹುಟ್ಟುವಾಗಲೇ ಬಲಪಾದ ತಿರುಚಿಕೊಂಡಿತ್ತು. ಆ ಪಾದದ ಕೀಲು ಪೂರ್ತಿ ಬಾಗದ ಕಾರಣ ಅವರು ಗಿಡ್ಡ ಬ್ಯಾಕ್‌ಸ್ವಿಂಗ್‌ನಲ್ಲೇ ಆಡುತ್ತಾರೆ, ಅದರಿಂದಲೇ 2021ರ ಯುಎಸ್ ಓಪನ್ ಮತ್ತು 2023ರ ಮಾಸ್ಟರ್ಸ್ ಗೆದ್ದರು. ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಮಗಿಂತ ಬಹಳ ದೂರ ಹೊಡೆಯುವವರ ನಡುವೆ, ನಾಲ್ಕನೆಯವರಾಗಿ ಮುಗಿಸಿದರು. ನಿಮ್ಮ ಮೈ ಎಷ್ಟು ತಿರುಗುತ್ತದೋ ಅಷ್ಟಕ್ಕೆ ಬ್ಯಾಕ್‌ಸ್ವಿಂಗ್ ನಿಲ್ಲಿಸಿ. ಮುಕ್ಕಾಲು ಸ್ವಿಂಗ್‌ನಲ್ಲಿ ಕಾಲಿಗೆ ಸಮಯ ಹೊಂದಿಸಿಕೊಳ್ಳುವುದು ಸುಲಭವೂ ಹೌದು. 54ರಲ್ಲಿ ಇದನ್ನು ಕಲಿಯಬಹುದು, 65 ದಾಟಿದವರಿಗೂ ನಾನು ಕಲಿಸಿದ್ದೇನೆ. ಅವಸರದಿಂದ ದಿನಕ್ಕೆ ನೂರು ಚೆಂಡು ಹೊಡೆಯುವುದನ್ನು ಮಾತ್ರ ಮಾಡಬೇಡಿ.

ಹೊಸ ಡ್ರೈವರ್ ಈಗ ಬೇಡ. ಇಂದಿನ ಸ್ವಿಂಗ್‌ಗೆ ಅಳತೆ ಮಾಡಿ ಕೊಟ್ಟರೆ, ಸ್ಲೈಸ್ ತಡೆಯಲೆಂದು ಮುಖ ಎಡಕ್ಕೆ ವಾಲಿದ ಕ್ಲಬ್ಬನ್ನೇ ಸೂಚಿಸುವ ಸಾಧ್ಯತೆ ಹೆಚ್ಚು; ಎರಡು ತಿಂಗಳ ನಂತರ ಕಾಲು ಸಮಯಕ್ಕೆ ಬಂದಾಗ ಅದೇ ಕ್ಲಬ್ ನಿಮ್ಮನ್ನು ಎಡಗಡೆಯ ಪೊದೆಗೆ ಕಳುಹಿಸುತ್ತದೆ. ಆ ಹಣದ ಚಿಕ್ಕ ಭಾಗದಲ್ಲಿ ಎಲ್ಲ ಕ್ಲಬ್‌ಗಳಿಗೂ ಹೊಸ ಹಿಡಿ ಹಾಕಿಸಿ, ಮಣಿಕಟ್ಟನ್ನು ವೈದ್ಯರಿಗೆ ತೋರಿಸಿ. ನಂತರ ಮರಳಿನ ಮೇಲೆ ಮೂಡಿದ ಬಲ ಹೆಜ್ಜೆಯ ಒಂದು ಚಿತ್ರವನ್ನೂ, ಗೆರೆಯ ಪಕ್ಕದಲ್ಲಿ ಕ್ಲಬ್ ಮಾಡಿದ ಗುರುತಿನ ಒಂದು ಚಿತ್ರವನ್ನೂ ತೆಗೆದು ಕಳುಹಿಸಿ. ಹಿಡಿತದಲ್ಲಿ ಎಷ್ಟು ಬದಲಾವಣೆ ಬೇಕೆಂಬುದನ್ನು ಅವೆರಡನ್ನೂ ನೋಡಿದ ಮೇಲೆ ಹೇಳುತ್ತೇನೆ.